ಏಟಿನ ಗುರುತಿಲ್ಲದ ಕೋಲು

ಅಪ್ಪನ ಕೋಲನ್ನು ಪೊಲೀಸಿನವರು ಹಳೆಯ ಗೋಣಿತಾಟಿನಲ್ಲಿ ಸುತ್ತಿ ತಂದುಕೊಟ್ಟರು. ಮಹಜರಿಗೆ ಬೇಕೆಂದು ನಾಲ್ಕು ತಿಂಗಳು ಪಾವಗಡದಲ್ಲಿ ಇಟ್ಟುಕೊಂಡಿದ್ದರು. ಮಧುಗಿರಿಯ ನಮ್ಮ ಮನೆಯ ಜಗಲಿಗೆ ಅದನ್ನು ಒರಗಿಸಿ, ಅವ್ವನ ಹೆಬ್ಬೆಟ್ಟು ಒತ್ತಿಸಿಕೊಂಡು, ದಫೇದಾರ ಒಂದು ಲೋಟ ಮಜ್ಜಿಗೆ ಕುಡಿದು ಹೊರಟುಹೋದ. ಅವ್ವ ಕೋಲನ್ನು ಮುಟ್ಟಲಿಲ್ಲ. ಅದರ ಕಡೆ ಮುಖವನ್ನೂ ತಿರುಗಿಸದೆ, "ಅಟ್ಟದ ಮ್ಯಾಕ್ಕೆ ಆಕ್ಬುಡು ಮಗ," ಎಂದಳು. ಆಗ ನನಗೆ ಹತ್ತೊಂಬತ್ತು ವರ್ಷ. ಏಣಿ ಹತ್ತಿ, ಗೋಣಿತಾಟನ್ನು ಬಿಚ್ಚದೆ, ಹುಣಸೆಹಣ್ಣಿನ ಗಡಿಗೆಗಳ ಹಿಂದೆ ತಳ್ಳಿ ಇಳಿದೆ. ಕೆಳಗೆ ನಿಂತು ಏಣಿ ಹಿಡಿದುಕೊಂಡಿದ್ದ ಚಿಕ್ಕಪ್ಪ ನಾನು ಇಳಿಯುವವರೆಗೂ ತಲೆಯೆತ್ತಲಿಲ್ಲ.

ಅಪ್ಪ ಜವಳಿ ವ್ಯಾಪಾರಿ. ತಿಂಗಳಿಗೊಮ್ಮೆ ಎತ್ತಿನ ಗಾಡಿಯಲ್ಲಿ ಸೀರೆ, ಪಂಚೆಗಳ ಗಂಟು ಹೇರಿಕೊಂಡು ಮಿಡಿಗೇಶಿಯ ಮೇಲೆ ಪಾವಗಡ ಸೀಮೆಗೆ ಹೋಗಿ, ವೈ.ಎನ್.ಹೊಸಕೋಟೆಯ ಸಂತೆ ಮುಗಿಸಿ ಬರುತ್ತಿದ್ದ. ಜೊತೆಗೆ ಅವನ ತಮ್ಮ, ಅಂದರೆ ನನ್ನ ಚಿಕ್ಕಪ್ಪ, ಇರುತ್ತಿದ್ದ. ಅಪ್ಪನಿಗಿಂತ ಹನ್ನೆರಡು ವರ್ಷಕ್ಕೆ ಚಿಕ್ಕವನು, ಮದುವೆ ಆಗಿರಲಿಲ್ಲ. ಅಪ್ಪನೇ ಅವನನ್ನು ಎತ್ತಿ ಆಡಿಸಿ ಬೆಳೆಸಿದ್ದ.

ಆ ಕಾಲದಲ್ಲಿ ಕೈಯಲ್ಲಿ ಕೋಲಿಲ್ಲದೆ ಊರ ಗಡಿ ದಾಟುವವರು ಕಡಿಮೆ. ನಾಯಿಗೆ, ಹಾವಿಗೆ, ಕರಡಿಗೆ, ಮುಳ್ಳುಬೇಲಿ ಸರಿಸುವುದಕ್ಕೆ, ಹಳ್ಳದ ನೀರಿನ ಆಳ ನೋಡುವುದಕ್ಕೆ, ಬುತ್ತಿ ನೇತುಹಾಕಿಕೊಳ್ಳುವುದಕ್ಕೆ ಕೋಲು ಬೇಕು. ಅಪ್ಪನ ಕೋಲು ಗಟ್ಟಿಬಿದಿರಿನದು, ಅವನ ಕಿವಿಯ ಮಟ್ಟಕ್ಕೆ ಬರುತ್ತಿತ್ತು. ಹರಳೆಣ್ಣೆ ಉಜ್ಜಿ ಉಜ್ಜಿ ಅದಕ್ಕೆ ಬೆಲ್ಲದ ಬಣ್ಣ ಬಂದಿತ್ತು.

ಅಪ್ಪ ಸತ್ತದ್ದು ಮಿಡಿಗೇಶಿ ದಾಟಿದ ಮೇಲೆ, ದಾರಿಯ ಎರಡೂ ಕಡೆ ದೊಡ್ಡ ದೊಡ್ಡ ಬಂಡೆಗಳಿರುವ ಕಡೆ, ಮಟಮಟ ಮಧ್ಯಾಹ್ನ. ಚಿಕ್ಕಪ್ಪ ಬರಿಗಾಲಲ್ಲಿ ಓಡಿಬಂದು ಮಿಡಿಗೇಶಿಯಲ್ಲಿ ಸುದ್ದಿ ಮುಟ್ಟಿಸಿದ. ಅವನು ಹೇಳಿದ ಕತೆಯನ್ನು ನಮ್ಮ ಬೀದಿಯವರೆಲ್ಲ ಬಾಯಿಪಾಠ ಮಾಡಿಕೊಂಡಿದ್ದರು. ಮೂರು ಜನ ದೊಣ್ಣೆ ಹಿಡಿದು ಅಡ್ಡಗಟ್ಟಿದರು. ಅಪ್ಪ ಗಾಡಿಯಿಂದ ಹಾರಿ ಕೋಲು ತಿರುಗಿಸಿದ. ಮೂವರ ದೊಣ್ಣೆಗಳನ್ನೂ ಒಬ್ಬನೇ ತಡೆದ. ತಮ್ಮನಿಗೆ, ನೀನು ಓಡಿಹೋಗಿ ಜನ ಕರೆದುಕೊಂಡು ಬಾ ಎಂದು ಕೂಗಿದ. ಕೊನೆಗೆ ಹಿಂದಿನಿಂದ ಬಂದವನ ಏಟಿಗೆ ಕೋಲು ಕೈಜಾರಿತು. ಅದೇ ಕೋಲಿನಿಂದ ಅವನನ್ನು ಕೊಂದರು. ಕೊಂದವರು ಎತ್ತು, ಜವಳಿ ಸಮೇತ ಮದರಾಸು ಸೀಮೆಯ ಗಡಿ ದಾಟಿಬಿಟ್ಟಿದ್ದರು. ಅವರು ಸಿಗಲೇ ಇಲ್ಲ.

ಅವ್ವನಿಗೆ ಆ ಕತೆಯೇ ಆಸರೆಯಾಯಿತು. ಮಾತಾಡಿಸಲು ಬಂದ ಹೆಂಗಸರ ಮುಂದೆ ಅಳುತ್ತಲೇ ಶುರುಮಾಡಿ, "ಮೂರು ಜನ ಕಣಮ್ಮ, ಒಬ್ರಲ್ಲ ಇಬ್ರಲ್ಲ," ಎನ್ನುವಾಗ ಅವಳ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಕತೆ ನಡೆಯುವಾಗ ಚಿಕ್ಕಪ್ಪ ಎದ್ದು ಹಿತ್ತಿಲಿಗೆ ಹೋಗುತ್ತಿದ್ದ. ಅಣ್ಣನ ಸಾವನ್ನು ಮತ್ತೆ ಕೇಳಲಾರ ಎಂದುಕೊಂಡು ನಾವು ಸುಮ್ಮನಿರುತ್ತಿದ್ದೆವು.

ಇನ್ನೊಂದನ್ನೂ ನಾನು ಗಮನಿಸಿದ್ದೆ. ಚಿಕ್ಕಪ್ಪ ಕೆರೆಯ ಕಡೆ ಹೋಗುವುದನ್ನು ಬಿಟ್ಟಿದ್ದ. ಹೆಂಗಸರು ಬಟ್ಟೆ ಒಗೆಯುವ ಸದ್ದು ಕೇಳಿದರೆ ಸಾಕು, ದಾರಿ ಬದಲಿಸಿ ಬೆಟ್ಟದ ಬುಡದಿಂದ ಸುತ್ತಿಕೊಂಡು ಬರುತ್ತಿದ್ದ. ಮನೆಯಲ್ಲಿ ಅವ್ವ ಒನಕೆ ಹಿಡಿದರೆ ಅವನು ಬೀದಿಗೆ ಇಳಿದುಬಿಡುತ್ತಿದ್ದ.

ಮರುವರ್ಷ ನಾನು ಶಿರಾಕ್ಕೆ ಹೋದೆ. ನಮ್ಮ ನಂಟರೊಬ್ಬರ ಜವಳಿ ಅಂಗಡಿಯಲ್ಲಿ ಗುಮಾಸ್ತನ ಕೆಲಸ ಎಂದು ಮನೆಯಲ್ಲಿ ಹೇಳಿದ್ದೆ. ಅದು ಸುಳ್ಳಲ್ಲ. ಆದರೆ ನಿಜವಾದ ಆಸೆ ದೊಣ್ಣೆವರಸೆ ಕಲಿಯುವುದು. ಶಿರಾದಲ್ಲಿ ಒಬ್ಬ ಉಸ್ತಾದರಿದ್ದರು. ಹತ್ತಿ ಎಕ್ಕಿ ಹಾಸಿಗೆ ತುಂಬುವುದು ಅವರ ಕಸುಬು. ಮೊಹರಮ್ಮಿನ ಬಾಬಯ್ಯನ ಹಬ್ಬದಲ್ಲಿ ಅವರು ಕೋಲು ತಿರುಗಿಸುವುದನ್ನು ನೋಡಲು ಬಡವನಹಳ್ಳಿ ಕಡೆಯಿಂದಲೂ ಗಾಡಿ ಕಟ್ಟಿಕೊಂಡು ಜನ ಬರುತ್ತಿದ್ದರು. ಬೆಳಗಿನ ನಮಾಜು ಮುಗಿಸಿ, ಹಳೇ ಕೋಟೆಗೋಡೆಯ ಮಗ್ಗುಲ ಬಯಲಿನಲ್ಲಿ ಏಳೆಂಟು ಜನರಿಗೆ ಹೇಳಿಕೊಡುತ್ತಿದ್ದರು. ನನ್ನ ಹಣೆಯ ವಿಭೂತಿ ನೋಡಿ ಅವರು ಕೇಳಿದ್ದು ಒಂದೇ ಮಾತು.

"ಯಾರನ್ನ ಹೊಡೀಬೇಕು ಬೇಟಾ?"

"ಯಾರನ್ನೂ ಇಲ್ಲ."

"ಸುಳ್ಳು. ಇರ್ಲಿ, ನಾಳೆ ಬಾ."

ಮೊದಲ ತಿಂಗಳು ಕೋಲನ್ನೇ ಕೊಡಲಿಲ್ಲ. ಬರಿ ಹೆಜ್ಜೆ. ಮುಂದೆ, ಹಿಂದೆ, ಮಗ್ಗುಲಿಗೆ. ಅಂಗಡಿಯಲ್ಲಿ ಕೂತು ಏಳುವಾಗ ತೊಡೆಗಳು ಹಿಡಿದುಕೊಳ್ಳುತ್ತಿದ್ದವು. ಕಡೆಗೊಂದು ದಿನ, "ನಾಳೆ ಕೋಲು ತಗೊಂಡು ಬಾ," ಎಂದರು. ಅದಕ್ಕಾಗಿಯೇ ನಾನು ಕಾದಿದ್ದೆ. ಊರಿಗೆ ಹೋದಾಗ ಅವ್ವನಿಗೆ ತಿಳಿಯದಂತೆ ಅಟ್ಟ ಹತ್ತಿ ಅಪ್ಪನ ಕೋಲನ್ನು ಇಳಿಸಿ ತಂದಿಟ್ಟುಕೊಂಡಿದ್ದೆ. ಗೋಣಿತಾಟಿನಲ್ಲಿಯೇ ಅದನ್ನು ಬಯಲಿಗೆ ಒಯ್ದೆ. ಎಲ್ಲರ ಮುಂದೆ ಬಿಚ್ಚಿ, ಅಪ್ಪನ ಕತೆಯನ್ನು, ಅವ್ವ ಹೇಳುವ ಹಾಗೆಯೇ, ಬೆನ್ನು ನೆಟ್ಟಗೆ ಮಾಡಿಕೊಂಡು ಹೇಳಿದೆ.

ಉಸ್ತಾದರು ಕೋಲನ್ನು ತೆಗೆದುಕೊಂಡು ಬಿಸಿಲಿಗೆ ಹಿಡಿದರು. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಹೆಬ್ಬೆರಳನ್ನು ನಿಧಾನವಾಗಿ ಓಡಿಸಿದರು. ಗೆಣ್ಣುಗೆಣ್ಣಿಗೂ ನಿಂತರು. ತಿರುಗಿಸಿ ಮತ್ತೊಮ್ಮೆ ಓಡಿಸಿದರು. ಆಮೇಲೆ ಉಳಿದವರನ್ನೆಲ್ಲ ತಾಲೀಮಿಗೆ ಕಳಿಸಿ, ನನ್ನನ್ನು ಗೋಡೆಯ ನೆರಳಿಗೆ ಕರೆದರು. ತಮ್ಮ ಸ್ವಂತ ಕೋಲನ್ನು ನನ್ನ ಕೈಗೆ ಕೊಟ್ಟು, "ಮುಟ್ಟಿ ನೋಡು," ಎಂದರು. ಅದರ ಮೈಯೆಲ್ಲ ತಗ್ಗು, ಗೀರು, ಸಿಪ್ಪೆ ಎದ್ದ ಗುರುತು.

"ಕೋಲಿಗೆ ಕೋಲು ತಾಗಿದ್ರೆ ಗಾಯ ಉಳೀತದೆ. ಎಷ್ಟು ಎಣ್ಣೆ ಹಚ್ಚಿದ್ರೂ ಹೋಗಲ್ಲ. ನಿಮ್ಮಪ್ಪಂದು ನೋಡು. ಹಿಡಿಯೋ ಜಾಗ ನುಣ್ಣಗಾಗಿದೆ. ನೆಲಕ್ಕೂರೋ ಕಡೆ ಸವೆದಿದೆ. ನಡುವೆ ಏನೂ ಇಲ್ಲ."

"ಅಂದ್ರೆ?"

ಅವರು ಅಪ್ಪನ ಕೋಲನ್ನು ಮತ್ತೆ ಗೋಣಿತಾಟಿನಲ್ಲಿ ಸುತ್ತಿದರು. "ಈ ಕೋಲು ಯಾರ ದೊಣ್ಣೆನೂ ತಡೆದಿಲ್ಲ ಬೇಟಾ. ನಾನು ಇನ್ನೇನೂ ಹೇಳಲ್ಲ. ಇದನ್ನ ಇಟ್ಬಿಡು. ನಿನಗೆ ಅಂತ ಒಂದು ಆರಿಸ್ಕೊಂಡು ಬಾ."

ನನಗೆ ಅವರ ಮೇಲೆ ರೇಗಿಹೋಯಿತು. ಹತ್ತಿ ಎಕ್ಕುವವನಿಗೆ ಏನು ಗೊತ್ತು ಎಂದು ಮನಸ್ಸಿನಲ್ಲಿ ಬೈದುಕೊಂಡು ರೂಮಿಗೆ ಬಂದೆ. ಬಾಗಿಲು ಹಾಕಿಕೊಂಡು ನಾನೂ ಬೆರಳು ಓಡಿಸಿದೆ. ಕೋಲು ನೀರಿನಲ್ಲಿ ತೊಳೆದ ಗಾಜಿನ ಹಾಗಿತ್ತು. ಅಂಗಡಿಯಲ್ಲಿ ಬಟ್ಟೆ ಅಳೆಯುವಾಗಲೂ ಆ ನುಣುಪು ಬೆರಳ ತುದಿಯಲ್ಲೇ ಇರುತ್ತಿತ್ತು. ಗಿರಾಕಿಗಳು ಎರಡೆರಡು ಸಲ ಕರೆಯಬೇಕಾಗುತ್ತಿತ್ತು. ಅಪ್ಪ ಹೋರಾಡಲಿಲ್ಲ ಎಂದರೆ ಆ ಮಧ್ಯಾಹ್ನ ಅಲ್ಲಿ ಏನು ನಡೆಯಿತು? ಅದನ್ನು ನೋಡಿದವನು ನಮ್ಮ ಮನೆಯಲ್ಲಿ, ನಮ್ಮ ಪಂಕ್ತಿಯಲ್ಲಿ, ನನ್ನ ಪಕ್ಕದಲ್ಲೇ ಕೂತು ಉಣ್ಣುತ್ತಿದ್ದ. ಚಿಕ್ಕಪ್ಪನ ಮೇಲೆ ಅನುಮಾನ ಬಂದಾಗ ನನಗೆ ಬಂದ ಯೋಚನೆಗಳನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಅಪ್ಪನನ್ನು ಕೊಂದವರು ಮೂವರಲ್ಲ, ಒಬ್ಬನೇ ಎಂದೂ ಅನ್ನಿಸಿತ್ತು.

ಕೋಲು ಆರಿಸುವ ನೆಪ ಸಿಕ್ಕಿತು. ಒಳ್ಳೆಯ ಗಟ್ಟಿಬಿದಿರು ಸಿಗುತ್ತಿದ್ದುದು ಕೊರಟಗೆರೆ ಕಡೆಯ ಗುಡ್ಡಗಳಲ್ಲಿ. ಉಸ್ತಾದರು ಹೇಳಿಕೊಟ್ಟಿದ್ದರು: ಹುಣ್ಣಿಮೆ ಕಳೆದು ಕತ್ತಲೆ ಪಕ್ಷದಲ್ಲಿ ಕಡಿಯಬೇಕು, ಇಲ್ಲದಿದ್ದರೆ ಕುಟ್ಟೆಹುಳು ಹಿಡಿದು ಒಳಗೇ ಪುಡಿಯಾಗುತ್ತದೆ. ಎಳೆಯದು ಬೇಡ, ಮೂರು ಮಳೆ ಕಂಡದ್ದಿರಬೇಕು. ಗೆಣ್ಣುಗಳು ಒತ್ತೊತ್ತಾಗಿರಬೇಕು. ನೋಡಲು ಚೆಂದ ಎಂದು ತೆಗೆದುಕೊಳ್ಳಬೇಡ, ಕಲ್ಲಿಗೆ ತಟ್ಟಿ ಸದ್ದು ಕೇಳು. ನಾನು ಊರಿಗೆ ಹೋಗಿ, "ಬಿದಿರು ತರಕ್ಕೆ ಓಗ್ಬೇಕು, ಜೊತೆಗೆ ಬಾ ಚಿಕ್ಕಪ್ಪ," ಎಂದೆ. ಅವನು ಏತಕ್ಕೆಂದು ಕೇಳದೆ ಮಚ್ಚು ಮಸೆದುಕೊಂಡು ಹೊರಟ.

ಹೊಳವನಹಳ್ಳಿಯಲ್ಲಿ ಪರಿಚಯದ ಮೇದರವನೊಬ್ಬನಿದ್ದ. ಬುಟ್ಟಿ ಹೆಣೆಯಲು ಬಿದಿರು ಕಡಿಯುವ ಚೀಟಿ ಅವನ ಹತ್ತಿರ ಇತ್ತು. ಅವನು ನಮ್ಮನ್ನು ಗುಡ್ಡದ ಇಳಿಜಾರಿನ ಒಂದು ಮೆಳೆಯ ಹತ್ತಿರ ಬಿಟ್ಟು, ತನ್ನ ಕೆಲಸಕ್ಕೆ ಮೇಲಕ್ಕೆ ಹೋದ. ಹೊತ್ತು ಹತ್ತು ಗಂಟೆ ಇರಬಹುದು. ಗಾಳಿಗೆ ಬಿದಿರಿಗೆ ಬಿದಿರು ಉಜ್ಜಿ ಯಾರೋ ನರಳಿದ ಹಾಗೆ ಸದ್ದಾಗುತ್ತಿತ್ತು. ಚಿಕ್ಕಪ್ಪ ಮೆಳೆಯೊಳಗೆ ಬಗ್ಗಿ, ಒಂದು ಬಿದಿರನ್ನು ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ಮಚ್ಚು ಎತ್ತಿದ್ದ. ಆಗ ಕೇಳಿದೆ.

"ಅಪ್ಪನ ಕೋಲ್ಮೇಲೆ ಒಂದೇಟಿನ ಗುರ್ತೂ ಇಲ್ವಲ್ಲ ಚಿಕ್ಕಪ್ಪ?"

ಅವನು ತಿರುಗಿದ. ಮಚ್ಚು ಎತ್ತಿದ ಕೈ ಹಾಗೆಯೇ ಇತ್ತು. ಅವನು ನನ್ನನ್ನು ಕಡಿಯುತ್ತಾನೆ ಎಂದು ನಾನು ನಿಜವಾಗಿ ನಂಬಿದೆ. ಅಷ್ಟು ದಿನ ಕಲಿತ ಹೆಜ್ಜೆಗಳಲ್ಲಿ ಒಂದೂ ನೆನಪಾಗಲಿಲ್ಲ. ಅವನು ಮಚ್ಚನ್ನು ಕೆಳಗಿಟ್ಟು, ಬಿದಿರಿನ ಮುಳ್ಳುಗಳ ಮೇಲೆಯೇ ಕೂತುಬಿಟ್ಟ.

"ಯಾರ್ ಯೋಳುದ್ರು?"

"ಕೋಲೇ ಯೋಳ್ತು."

ನನ್ನ ಕಡೆ ನೋಡದೆ, ಎದುರಿಗಿದ್ದ ಬಿದಿರಿನ ಬುಡಕ್ಕೆ ಹೇಳುವ ಹಾಗೆ ಹೇಳಿದ.

"ಅಣ್ಣಂಗೆ ಅವತ್ತು ಜ್ವರ ಕಣ್ಲಾ. ಗಾಡೀಲಿ ಮಲಗಿದ್ದ. ಕೋಲು ನನ್ ಕೈಗೆ ಕೊಟ್ಟು, ನೀನು ಎತ್ತಿನ ಮುಂದೆ ನಡಿ ಅಂದಿದ್ದ. ಬಂಡೆ ಸಂದೀಲಿ ಮೂರು ಜನ ಬಂದ್ರು. ಅಣ್ಣ ಎದ್ದು ಕುಂತ್ಕಂಡ. ಕೋಲು ಕೊಡ್ಲಾ ಇತ್ಲಾಗೆ ಅಂತ ಕೈ ಚಾಚ್ದ. ಮಾರು ದೂರನೂ ಇರ್ಲಿಲ್ಲ. ಕೊಟ್ಟಿದ್ರೆ ಆಗೋದು. ನಾನು..."

"ಏನ್ ಮಾಡ್ದೆ?"

"ಬಿಸಾಕ್ಬುಟ್ಟೆ. ಬಿಸಾಕ್ಬುಟ್ಟು ಓಡೋಗ್ಬುಟ್ಟೆ. ಅದು ಅವ್ರ ಕಾಲ ತಾವೇ ಬಿತ್ತು. ದೊಡ್ಡ ಬಂಡೆ ಇಂದೆ ಕುಂತ್ಕಂಡೆ. ನೋಡ್ಲಿಲ್ಲ, ಕಣ್ ಮುಚ್ಕಂಡಿದ್ದೆ. ಸದ್ದು ಮಾತ್ರ ಕೇಳ್ತಿತ್ತು. ಒದ್ದೆ ಬಟ್ಟೇನ ಕಲ್ಲಿಗೆ ಒಗ್ದಂಗೆ."

ಅವನು ಕೆರೆಯ ದಾರಿಯನ್ನು ಬಿಟ್ಟದ್ದು ಏಕೆಂದು ಆಗ ಅರ್ಥವಾಯಿತು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವನು ಕೊಲೆಗಾರನಲ್ಲ ಎಂದು ಸಮಾಧಾನವೂ ಆಯಿತು. ಆ ಸಮಾಧಾನಕ್ಕೆ ನಾಚಿಕೆಯೂ ಆಯಿತು. ಅವನು ಕೊನೆಗೆ ಹೇಳಿದ್ದು: "ಅತ್ಗೆಗೆ ಯೋಳ್ಬ್ಯಾಡ. ನಂಗೋಸ್ಕರ ಅಲ್ಲ. ಅವ್ಳು ಆ ಕತೆ ಇಡ್ಕಂಡೇ ಬದ್ಕವ್ಳೆ." ನಾನು ಹೇಳುವುದಿಲ್ಲ ಎಂದು ಅವನ ಕೈ ಮುಟ್ಟಿ ಮಾತು ಕೊಟ್ಟೆ. ಮೇದರವನು ಇಳಿದು ಬರುವಷ್ಟರಲ್ಲಿ ನಾವಿಬ್ಬರೂ ಬಿದಿರು ಕಡಿಯುತ್ತಿದ್ದೆವು. ಒಂದೊಂದನ್ನೂ ಕಲ್ಲಿಗೆ ತಟ್ಟಿ ಸದ್ದು ಕೇಳುವ ಕೆಲಸವನ್ನು ನಾನು ದೂರ ಹೋಗಿ ಮಾಡಿದೆ.

ಆರಿಸಿದ ಬಿದಿರನ್ನು ಹದಿನೈದು ದಿನ ಕೆರೆಯ ಕೆಸರಿನಲ್ಲಿ ಹೂತಿಟ್ಟು, ತೊಳೆದು, ಒಣಗಿಸಿ, ಬೆಂಕಿಯ ಕಾವಿಗೆ ಹಿಡಿದು ನೆಟ್ಟಗೆ ಮಾಡಿ, ಎಣ್ಣೆ ಉಜ್ಜಿ ಒಲೆಯ ಮೇಲಿನ ಹೊಗೆಯಲ್ಲಿ ತೂಗುಹಾಕಿದೆ. ಅಪ್ಪನ ಕೋಲನ್ನು ಮತ್ತೆ ಅಟ್ಟಕ್ಕೆ ಸೇರಿಸಿದೆ. ಹೊಸ ಕೋಲಿನಲ್ಲಿ ಎರಡು ವರ್ಷ ಶಿರಾದಲ್ಲಿ ಕಲಿತೆ. ಆದರೆ ಕಲಿಕೆಯ ನಡುವೆ ಒಂದು ತೊಂದರೆ ಶುರುವಾಯಿತು. ಎದುರಾಳಿ ಕೋಲೆತ್ತಿದಾಗ ಅವನ ಮುಖ ಕಾಣುತ್ತಿರಲಿಲ್ಲ. ಗಾಡಿಯ ತಡಿಕೆಯಿಂದ ಚಾಚಿದ ಒಂದು ಕೈ ಕಾಣುತ್ತಿತ್ತು. ನಾನು ಆ ದಿನ ಅಲ್ಲಿರಲಿಲ್ಲ. ಆದರೂ ಆ ಕೈಯ ತಾಮ್ರದ ಉಂಗುರ, ಜ್ವರಕ್ಕೆ ಒಣಗಿದ ಬೆರಳು, ಎಲ್ಲವೂ ಕಾಣುತ್ತಿತ್ತು. ಹಗಲಿನಲ್ಲೇ, ಜನರ ನಡುವೆಯೇ ಕಾಣುತ್ತಿತ್ತು. ಒಂದೆರಡು ಸಲ ತಾಲೀಮಿನ ಮಧ್ಯೆ ಕೋಲನ್ನು ಅದರ ಕಡೆಗೆ ನೀಡಲು ಹೋಗಿ ಭುಜಕ್ಕೆ ಏಟು ತಿಂದಿದ್ದೇನೆ.

ಕಲಿತು ಮುಗಿಸಿ ಊರಿಗೆ ಬಂದ ಮೇಲೆ ನಾನೂ ಚಿಕ್ಕಪ್ಪನೂ ಹೊಸಕೋಟೆಯ ವ್ಯಾಪಾರವನ್ನು ಮತ್ತೆ ಹಿಡಿದೆವು. ನೀನು ಬರುವುದು ಬೇಡ ಎಂದರೂ ಅವನು ಕೇಳಲಿಲ್ಲ. ಮೊದಲ ಪಯಣದಲ್ಲೇ, ಆ ಬಂಡೆಗಳ ಜಾಗದಲ್ಲಿ, ಉರಿಬಿಸಿಲಿನಲ್ಲಿ, ಮೂವರು ಗಂಡಸರು ಎದ್ದು ದಾರಿಗೆ ಬಂದರು. ನಾನು ಗಾಡಿಯಿಂದ ಹಾರಿ ಕೋಲೆತ್ತಿದೆ. ಮುಂದಿದ್ದವನು ಏನೋ ಕೂಗುತ್ತ ಸೊಂಟಕ್ಕೆ ಕೈಹಾಕಿದ. ಮುಂದಿನದು ನನ್ನ ತೋಳಿನ ಕೆಲಸ, ನನ್ನದಲ್ಲ. ಅವನ ತಲೆಗೆ ಗುರಿಯಿಟ್ಟ ಏಟು ಅರ್ಧ ದಾರಿ ಬಂದಾಗ ಹಿಂದಿನಿಂದ ಯಾರೋ ಕೋಲನ್ನು ಹಿಡಿದು ಜಗ್ಗಿದರು.

"ಬ್ಯಾಡ ಕಣ್ಲಾ! ನೀರು ಕೇಳ್ತಾವ್ರೆ!"

ಚಿಕ್ಕಪ್ಪ ಎರಡೂ ಕೈಯಲ್ಲಿ ಕೋಲಿಗೆ ಜೋತುಬಿದ್ದಿದ್ದ. ಹೆದರಿಕೆಗೆ ಅವನ ಪಂಚೆ ಒದ್ದೆಯಾಗಿತ್ತು. ಮುಂದಿದ್ದವನು ಸೊಂಟದಿಂದ ತೆಗೆದದ್ದು ನೀರು ತುಂಬುವ ಸೋರೆಬುರುಡೆ. "ನೀಳ್ಳು ಸ್ವಾಮೀ, ಕೊಂಚೆಂ ನೀಳ್ಳು," ಎಂದು ತೆಲುಗಿನಲ್ಲಿ ಕೇಳುತ್ತಿದ್ದ. ಅವರು ಗಡಿಯಾಚೆಯ ಕಡಲೆಕಾಯಿ ಕೂಲಿಯವರು. ಜೊತೆಯವನೊಬ್ಬ ಬಿಸಿಲಿಗೆ ಬವಳಿ ಬಂದು ಬಂಡೆಯ ನೆರಳಲ್ಲಿ ಬಿದ್ದಿದ್ದ. ಚಿಕ್ಕಪ್ಪನೇ ಹೋಗಿ ಅವನ ಬಾಯಿಗೆ ನೀರು ಬಿಟ್ಟ. ನಾನು ಗಾಡಿಯ ಚಕ್ರ ಹಿಡಿದು ನಿಂತಿದ್ದೆ. ಆ ಮನುಷ್ಯನ ತಲೆ, ನೆತ್ತಿಯಲ್ಲಿ ಕೂದಲು ತೆಳ್ಳಗಾಗಿದ್ದ ತಲೆ, ಈಗಲೂ ನನ್ನ ಕಣ್ಣಿಗೆ ಬರುತ್ತದೆ. ಮುಂದಿನ ಸಲ ಶಿರಾಕ್ಕೆ ಹೋದಾಗ ಉಸ್ತಾದರಿಗೆ ನಡೆದದ್ದೆಲ್ಲ ಹೇಳಿದೆ. ಅವರು ಬೈಯಲಿಲ್ಲ. ಒಂದು ವಾರ ನನ್ನನ್ನು ಅಲ್ಲೇ ಇರಿಸಿಕೊಂಡು, ಎಲ್ಲರಿಂದ ನನ್ನ ಮೇಲೆ ಏಟು ಹಾಕಿಸಿ, ತಡೆಯುವುದನ್ನು ಮಾತ್ರ ಮಾಡಿಸಿದರು. ಒಂದು ಏಟನ್ನೂ ತಿರುಗಿ ಕೊಡಲು ಬಿಡಲಿಲ್ಲ.

ವರ್ಷಗಳು ಹೋದವು. ನನಗೆ ಮದುವೆಯಾಯಿತು, ಮಕ್ಕಳಾದವು. ಅವ್ವ ಮೊಮ್ಮಕ್ಕಳನ್ನು ಸುತ್ತ ಕೂರಿಸಿಕೊಂಡು ತಾತನ ಕತೆ ಹೇಳುತ್ತಿದ್ದಳು. ಅವಳ ಬಾಯಲ್ಲಿ ಮೂವರು ಕಳ್ಳರು ಐವರಾದರು. ಚಿಕ್ಕಪ್ಪ ಹಿತ್ತಿಲಿಗೆ ಹೋಗುತ್ತಿದ್ದ. ನಾನು ಅವನ ಹಿಂದೆ ಹೋಗಿ ಸುಮ್ಮನೆ ಕೂರುತ್ತಿದ್ದೆ. ನಾವಿಬ್ಬರೂ ಆ ವಿಷಯವನ್ನು ಮತ್ತೆ ಆಡಲಿಲ್ಲ.

ಎರಡನೇ ಮಹಾಯುದ್ಧ ಮುಗಿದು, ಅಕ್ಕಿ ರೇಷನ್ನಿನ ಅಂಗಡಿಯಲ್ಲೇ ಸಿಗುತ್ತಿದ್ದ ದಿನಗಳಲ್ಲಿ ಅವ್ವ ತೀರಿಕೊಂಡಳು. ಹನ್ನೊಂದನೇ ದಿನದ ಶಿವಗಣಾರಾಧನೆಗೆ ನಂಟರು, ಬೀದಿಯವರು, ಜಂಗಮರು ಎಲ್ಲ ಸೇರಿದ್ದರು. ಊಟವಾದ ಮೇಲೆ ಪಡಸಾಲೆಯಲ್ಲಿ ಕೂತಾಗ ಹಿರಿಯರೊಬ್ಬರು, "ಆಯಮ್ಮ ಇದ್ದಾಗ ಗಂಡನ ಕತೆ ಅವ್ಳ ಬಾಯಲ್ಲೇ ಕೇಳ್ಬೇಕಿತ್ತು. ಈಗ ನೀನೇ ಯೋಳಪ್ಪ," ಎಂದು ನನಗೆ ಹೇಳಿದರು. ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಮಗಳು ತೊಡೆಯ ಮೇಲಿದ್ದಳು. ನಾನು ಹೇಳಿದೆ. ಅವ್ವ ಹೇಳುತ್ತಿದ್ದ ಹಾಗೆಯೇ, ಒಂದು ಮಾತೂ ಬಿಡದೆ ಹೇಳಿದೆ. ಐವರ ದೊಣ್ಣೆಯನ್ನೂ ಒಬ್ಬನೇ ತಡೆದ ಎನ್ನುವಲ್ಲಿಗೆ ಬಂದಾಗ ಕಂಬದ ಹತ್ತಿರ ಕೂತಿದ್ದ ಚಿಕ್ಕಪ್ಪ ಎದ್ದು ನಿಂತ. ಈ ಸಲ ಅವನು ಹಿತ್ತಿಲಿಗೆ ಹೋಗಲಿಲ್ಲ.

"ಅಂಗಲ್ಲ," ಎಂದ.

ಅವನು ಎಲ್ಲವನ್ನೂ ಹೇಳಿದ. ಜ್ವರ, ಗಾಡಿ, ಚಾಚಿದ ಕೈ, ಬಿಸಾಕಿದ ಕೋಲು, ಬಂಡೆಯ ಹಿಂದಿನ ಸದ್ದು. ಬಿದಿರಿನ ಮೆಳೆಯಲ್ಲಿ ನನಗೆ ಹೇಳಿದಷ್ಟೇ, ಅದೇ ಮಾತುಗಳಲ್ಲಿ. ದನಿ ನಡುಗಲಿಲ್ಲ. ಅತ್ತಿಗೆ ಇರುವವರೆಗೂ ಕಾದಿದ್ದೆ, ಇನ್ನು ನನ್ನಿಂದ ಆಗದು ಎಂದ.

ಯಾರೂ ನಂಬಲಿಲ್ಲ. ಒಬ್ಬರು ಲೊಚಗುಟ್ಟಿದರು. "ಅತ್ಗೆ ಓದ ದುಕ್ಕ, ಪಾಪ, ತಲೆ ಕೆಟ್ಟದೆ," ಎಂದಿತು ಒಂದು ಹೆಣ್ಣು ದನಿ. ಕತೆ ಹೇಳು ಎಂದಿದ್ದ ಹಿರಿಯರು ಅವನ ತೋಳು ಹಿಡಿದು, "ಅಣ್ಣನ್ನ ಉಳಿಸ್ಕಳಕ್ಕೆ ಆಗ್ಲಿಲ್ವಲ್ಲ ಅಂತ ಇಂಗೆಲ್ಲ ಅನ್ಸ್ತದೆ. ನಿಂದೇನೂ ತಪ್ಪಿಲ್ಲ ಬುಡಪ್ಪ," ಎಂದರು. ಅವನು ಕೈ ಕೊಸರಿಕೊಂಡು ನನ್ನ ಕಡೆ ನೋಡಿದ.

"ನೀನಾದ್ರೂ ಯೋಳ್ಲಾ. ನಿಂಗೊತ್ತಲ್ಲ."

ಮಗಳು ತಲೆಯೆತ್ತಿ ನನ್ನ ಮುಖವನ್ನೇ ನೋಡುತ್ತಿದ್ದಳು. ಅವನಿಗೆ ಅವಮಾನವಾಗುವುದು ಬೇಡ ಎಂದೇ ನಾನು ಆಮೇಲಿನ ಮಾತು ಆಡಿದೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆ ಕ್ಷಣದಲ್ಲಿ ನನಗಿದ್ದದ್ದು ಹೆದರಿಕೆ. ನನ್ನ ಅಪ್ಪ ಯಾರ ಮುಂದೂ ಕೋಲೆತ್ತದೆ ಸತ್ತ ಎಂದು ಮಗಳ ಮುಂದೆ, ಊರ ಮುಂದೆ ಒಪ್ಪಿಕೊಳ್ಳುವ ಧೈರ್ಯ ನನಗಿರಲಿಲ್ಲ.

"ಕುಂತ್ಕ ಚಿಕ್ಕಪ್ಪ," ಎಂದೆ. "ಸುಸ್ತಾಗಿದ್ದೀಯ."

ಅವನು ಕೂತುಕೊಂಡ. ಯಾರೋ ಅವನಿಗೆ ಪಾನಕ ಕೊಟ್ಟರು, ಕುಡಿದ. ಆಮೇಲೆ ಅವನು ಬದುಕಿದ್ದದ್ದು ಎಂಟು ತಿಂಗಳು. ನನ್ನ ಮೇಲೆ ಸಿಟ್ಟು ಮಾಡಿಕೊಳ್ಳಲಿಲ್ಲ. ಕರೆದರೆ ಬರುತ್ತಿದ್ದ, ಬಡಿಸಿದರೆ ಉಣ್ಣುತ್ತಿದ್ದ. ಬೀದಿಯ ಜನ ಮೊದಲಿಗಿಂತ ಹೆಚ್ಚು ಮರುಕದಿಂದ ಅವನನ್ನು ಮಾತಾಡಿಸುತ್ತಿದ್ದರು, ಮಗುವನ್ನು ಮಾತಾಡಿಸುವ ಹಾಗೆ. ಒಂದು ಬೆಳಿಗ್ಗೆ ಕಾಫಿ ತೆಗೆದುಕೊಂಡು ಹೋದ ನನ್ನ ಹೆಂಡತಿ ಅವನ ಕೋಣೆಯಿಂದ ಕೂಗಿದಳು. ನಿದ್ದೆಯಲ್ಲೇ ಹೋಗಿದ್ದ.

ಅವನನ್ನು ಅಪ್ಪನ ಸಮಾಧಿಯ ಪಕ್ಕದಲ್ಲಿ ಕೂರಿಸಿ ಮಣ್ಣು ಮಾಡಿದೆವು. ಬಂದವರು ಅಲ್ಲೂ ಅಣ್ಣತಮ್ಮಂದಿರ ಪ್ರೀತಿಯ ಮಾತನ್ನೇ ಆಡಿದರು. ನನ್ನ ಮಗಳಿಗೆ ಈಗ ಮಕ್ಕಳಿದ್ದಾರೆ. ಅವಳು ಅವರಿಗೆ ಹೇಳುವುದೂ ಅವ್ವನ ಕತೆಯನ್ನೇ. ಕೇಳಿಸಿಕೊಂಡಾಗಲೆಲ್ಲ ನಾನು ಎದ್ದು ಹೊರಗೆ ಹೋಗುತ್ತೇನೆ. ಅಜ್ಜನಿಗೆ ವಯಸ್ಸಾಯಿತು ಎಂದುಕೊಳ್ಳುತ್ತಾರೆ. ಆ ದಿನ ಪಡಸಾಲೆಯಲ್ಲಿ ಚಿಕ್ಕಪ್ಪ ಹೇಳಿದ್ದು ನಿಜ. ನನಗೆ ಗೊತ್ತಿತ್ತು.